ಗೆದ್ದವರ ಜಗಳ

ವರ್ಷದ ಖಾರಪುಡಿಗೆಂದು ತರಿಸಿದ ಬ್ಯಾಡಗಿ ಮೆಣಸಿನಕಾಯಿಯನ್ನು ಮೊನ್ನೆ ಮಾಳಿಗೆಯ ಮೇಲೆ ಹಾಸಿಕೊಂಡು ತೊಟ್ಟು ಬಿಡಿಸುತ್ತಿದ್ದೆ. ನಾಲ್ಕು ಹಿಡಿ ಆಗುವಷ್ಟರಲ್ಲಿ ಸೀನು ಶುರುವಾಯಿತು. ಈ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮೂಗು ಮಾತ್ರ ಅದನ್ನು ಇವತ್ತಿಗೂ ಒಪ್ಪಿಲ್ಲ. ಕಣ್ಣಲ್ಲಿ ನೀರು ತುಂಬಿ ಬಿಸಿಲು, ಪಾರಿವಾಳ, ಪಕ್ಕದ ಮನೆಯ ನೀರಿನ ಟಾಕಿ ಎಲ್ಲವೂ ಮಸುಕಾದವು. ಆ ಮಸುಕಿನಲ್ಲಿ ನನಗೆ ಬ್ಯಾಡಗಿ ಸ್ಟೇಶನ್ನು ಕಂಡಿತು. ಈಗಿನದಲ್ಲ, ಸಣ್ಣ ಹಳಿಯ ಮೇಲೆ ಗಾಡಿ ಓಡುತ್ತಿದ್ದ ಕಾಲದ್ದು.

ನೀವು ಆಗ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ರಾಣೆಬೆನ್ನೂರಿನಿಂದ ಹಾವೇರಿಗೆ ಓಡಾಡಿದವರಾದರೆ ಹೆಚ್ಚು ಹೇಳಬೇಕಾಗಿಲ್ಲ. ಮೆಣಸಿನಕಾಯಿ ಹಂಗಾಮಿನಲ್ಲಿ ಗಾಡಿ ಬ್ಯಾಡಗಿಗೆ ಬಂದು ನಿಂತಿತೆಂದರೆ ಇಡೀ ಡಬ್ಬಿಯೇ ಸೀನುತ್ತಿತ್ತು. ಹೆಂಗಸರು ಸೆರಗು, ಗಂಡಸರು ಟವೆಲು ಮೂಗಿಗೆ ಹಿಡಿಯುವರು. ಸಾಹುಕಾರ, ಹಮಾಲ, ಮಾಸ್ತರ, ಟೀಸಿ, ಯಾರ ಮೂಗಿಗೂ ರಿಯಾಯಿತಿ ಇರಲಿಲ್ಲ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಹಲಗೇರಿ ಸರ್ ಒಮ್ಮೆ ಇದನ್ನು ನೋಡಿ, ಈ ಒಂದು ಸ್ಟೇಶನ್ನಿನಲ್ಲಿ ಮಾತ್ರ ಸಮಾಜವಾದ ಬಂದಿದೆ ಎಂದು ನಕ್ಕಿದ್ದರು. ಅವರು ನಗುತ್ತಿದ್ದುದೇ ಅಪರೂಪ, ಅದಕ್ಕೇ ನೆನಪಿದೆ.

ನಾನು ಹಾವೇರಿಯ ಆ ಖಾಸಗಿ ಕಾಲೇಜಿಗೆ ಇತಿಹಾಸ ಕಲಿಸಲು ಸೇರಿದಾಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಮನೆ ರಾಣೆಬೆನ್ನೂರಿನಲ್ಲಿ, ಅಪ್ಪನದು ಬಟ್ಟೆ ಅಂಗಡಿ. ಅಂಗಡಿಯ ತುಣುಕು ಬಟ್ಟೆಯಲ್ಲೇ ಹೊಲಿಸಿದ ಹೊಸ ಚೀಲ ಹೆಗಲಿಗೇರಿಸಿ, ಜಗತ್ತಿನ ಎರಡು ಮಹಾಯುದ್ಧಗಳೂ ನನ್ನ ಬಾಯಿಪಾಠದಲ್ಲಿವೆ ಎಂಬ ಠೇಂಕಾರದಲ್ಲಿ ಮೊದಲ ದಿನ ಗಾಡಿ ಹತ್ತಿದೆ. ಕೂರಲು ಜಾಗ ಹುಡುಕುತ್ತಿದ್ದಾಗ, ಖಾದಿ ಅಂಗಿಯ, ಕಪ್ಪು ದಪ್ಪ ಕನ್ನಡಕದ ಒಬ್ಬರು ಸರಿದು ಕೂತರು. ಅವರೇ ಹಲಗೇರಿ ಸರ್. ಕುಪ್ಪೇಲೂರಿನ ರೈತರ ಮನೆಯವರು. ನಸುಕಿನಲ್ಲೇ ಎದ್ದು ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಬಂದು ಈ ಗಾಡಿ ಹಿಡಿಯುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರದ ಜಗತ್ತನ್ನು ಕಲಿಸಲಿದ್ದೇನೆ ಎಂದು ತಿಳಿದೊಡನೆ ಚೀಲದಿಂದ ರಷ್ಯದಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕ ತೆಗೆದು ಓದಲು ಕೊಟ್ಟರು. ಆ ದೇಶದ ಪುಸ್ತಕಗಳು ಆಗ ನಮ್ಮಲ್ಲಿ ಕಡಲೆ ಪುಟಾಣಿಗಿಂತ ಅಗ್ಗ. ಅಲ್ಲಿಂದ ಬರುತ್ತಿದ್ದ ಬಣ್ಣದ ಪತ್ರಿಕೆಯ ನುಣುಪಾದ ಹಾಳೆಗಳಲ್ಲಿ ನಾವು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿಕೊಂಡು ಬೆಳೆದವರು. ಟ್ರ್ಯಾಕ್ಟರಿನ ಮೇಲೆ ಕೂತು ನಗುವ ಗುಂಡು ಮುಖದ ಹೆಂಗಸು ನನ್ನ ಐದನೆಯ ಇಯತ್ತೆಯ ಗಣಿತದ ಮೇಲೆ ಇಡೀ ವರ್ಷ ನಕ್ಕಿದ್ದಳು.

ಹಾವೇರಿಯಲ್ಲಿ ಇಳಿದು ಕಾಲೇಜಿನತ್ತ ನಡೆಯುವಾಗ, ಮುಂದಿನ ಡಬ್ಬಿಯಿಂದ ಇಳಿದ ಇನ್ನೊಬ್ಬರು ಜೊತೆಯಾದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೈಯಲ್ಲಿ ಕೊಡೆ, ಹಣೆಯಲ್ಲಿ ವಿಭೂತಿ. ರಾಜ್ಯಶಾಸ್ತ್ರದ ಅಂಗಡಿ ಸರ್. ಬ್ಯಾಡಗಿಯವರು, ಅವರ ತಂದೆಯದು ಅಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಬಹಳ ಸೌಜನ್ಯದಿಂದ ಊರು, ಮನೆ ವಿಚಾರಿಸಿದರು. ಕೊನೆಗೆ ದನಿ ತಗ್ಗಿಸಿ ಕೇಳಿದರು: "ಹಲಗೇರಿ ಡಬ್ಬ್ಯಾಗ ಕುಂತು ಬಂದ್ರೇನ್ರಿ?"

ಹೌದೆಂದೆ. "ಇರ್ಲಿ ಬಿಡ್ರಿ, ಹೊಸಬರು," ಎಂದು ಅವರು ಕೊಡೆ ಬಿಚ್ಚಿದರು. ಮೋಡವೂ ಇರಲಿಲ್ಲ, ಬಿಸಿಲೂ ಇನ್ನೂ ಏರಿರಲಿಲ್ಲ.

ಸ್ಟಾಫ್ ರೂಮಿಗೆ ಹೋದ ಮೇಲೆ ನನಗೆ ಸಂಗತಿ ಅರ್ಥವಾಗತೊಡಗಿತು. ಗೋಡೆಗೆ ಒರಗಬೇಕಿದ್ದ ಕಬ್ಬಿಣದ ಕಪಾಟು ಕೋಣೆಯ ನಡುವೆ ಅಡ್ಡ ನಿಂತಿತ್ತು. ಅದರ ಆಚೆ ಕೆಲವರು, ಈಚೆ ಕೆಲವರು. ಚಹಾ ಕೂಡ ಎರಡು ಹೋಟೆಲುಗಳಿಂದ ಎರಡು ಕಿಟ್ಲಿಗಳಲ್ಲಿ ಬರುತ್ತಿತ್ತು. ಈ ಕಡೆಯವರು ಆ ಕಿಟ್ಲಿಯ ಚಹಾ ಕುಡಿಯುವಂತಿಲ್ಲ. ನಾನು ಗೊತ್ತಿಲ್ಲದೆ ಆ ಕಡೆಯ ಕಪ್ಪು ಎತ್ತಿಕೊಂಡಾಗ ಕನ್ನಡದ ಸುಶೀಲಾಬಾಯಿಯವರು ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಕಾಲೇಜಿನ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಅವರು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಸೇರುವ ಕೆಲವು ವರ್ಷ ಮೊದಲು ಆಡಳಿತ ಮಂಡಳಿಯವರು ಕಾಲೇಜಿನ ಕಲಾ ವಿಭಾಗವನ್ನು ಮುಚ್ಚಬೇಕೆಂದು ತೀರ್ಮಾನಿಸಿದ್ದರಂತೆ. ವಾಣಿಜ್ಯ ವಿಭಾಗವೊಂದೇ ಸಾಕು, ಕಲೆ ಓದಿ ಯಾರಿಗೇನು ಪ್ರಯೋಜನ ಎಂದು. ಆದರೆ ಕಲಾ ವಿಭಾಗದಲ್ಲಿ ಓದುತ್ತಿದ್ದವರು ಅಗಡಿ, ಕುಪ್ಪೇಲೂರಿನಂಥ ಊರುಗಳಿಂದ ದಿನಾ ಬಂದು ಹೋಗುವ ರೈತರ ಮಕ್ಕಳು, ಬ್ಯಾಡಗಿ ಯಾರ್ಡಿನ ಹಮಾಲರ ಮಕ್ಕಳು. ವಿಭಾಗ ಮುಚ್ಚಿದರೆ ಅವರ ಓದು ಅಲ್ಲಿಗೇ ಮುಗಿಯಿತು. ಹಲಗೇರಿಯವರೂ ಅಂಗಡಿಯವರೂ ಒಂದಾಗಿ ನಿಂತರು. ಮೊದಲಿನಿಂದಲೂ ಒಬ್ಬರು ರಷ್ಯದ ಕಡೆ, ಇನ್ನೊಬ್ಬರು ಅಮೆರಿಕದ ಕಡೆ; ಅದು ಗೊತ್ತಿದ್ದ ವಿಷಯವೇ. ಆದರೆ ಆ ದಿನಗಳಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಇಬ್ಬರೂ ಕಾಲೇಜಿನ ಗೇಟಿನೆದುರು ಒಂದೇ ಜಮಖಾನದ ಮೇಲೆ ಕೂತರು. ಅಂಗಡಿಯವರ ಮನೆಯ ರೊಟ್ಟಿ, ಹಲಗೇರಿಯವರ ಮನೆಯ ಶೇಂಗಾ ಹಿಂಡಿ. ಊರ ಮಂದಿ ಇವರನ್ನು ನೋಡಲೆಂದೇ ಆ ದಾರಿಯಲ್ಲಿ ಬರುತ್ತಿದ್ದರಂತೆ.

ಹೋರಾಟ ಎಳೆದಾಡತೊಡಗಿದಾಗ ಇಬ್ಬರೂ ಒಂದೊಂದು ಕೆಲಸವನ್ನು ಇನ್ನೊಬ್ಬರಿಗೆ ಹೇಳದೆ ಮಾಡಿದರು. ಹಲಗೇರಿಯವರು ಬ್ಯಾಡಗಿಗೆ ಹೋಗಿ ಹಮಾಲರನ್ನೆಲ್ಲ ಕರೆತಂದು ಗೇಟಿನ ಮುಂದೆ ಕೂರಿಸಿದರು. ಯಾರ್ಡಿನಲ್ಲಿ ಚೀಲ ಎತ್ತುವವರಿಲ್ಲದೆ ಅಂಗಡಿಯವರ ತಂದೆಯ ಮಾಲೂ ಬಿಸಿಲಲ್ಲಿ ಬಿತ್ತು. ಅಂಗಡಿಯವರಿಗೆ ಇದು ತಿಳಿದದ್ದು ಮನೆಯಲ್ಲಿ ಬೈಸಿಕೊಂಡಾಗ. ಅತ್ತ ಅಂಗಡಿಯವರು, ಮಂಡಳಿಯ ಕಾರ್ಯದರ್ಶಿ ತಮ್ಮ ದೂರದ ಕಾಕಾ ಆದದ್ದರಿಂದ, ಒಂದು ಮಧ್ಯಾಹ್ನ ಒಬ್ಬರೇ ಅವರ ಮನೆಗೆ ಹೋಗಿ ಬಂದರು. ಹಲಗೇರಿಯವರಿಗೆ ಇದು ತಿಳಿದದ್ದು ಪಾನ್ ಅಂಗಡಿಯಲ್ಲಿ. ಮರುದಿನವೇ ಮಂಡಳಿ ತನ್ನ ತೀರ್ಮಾನ ಹಿಂದಕ್ಕೆ ತೆಗೆದುಕೊಂಡಿತು. ಕಲಾ ವಿಭಾಗ ಉಳಿಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ವಿಜಯೋತ್ಸವದ ಸಭೆಯಲ್ಲಿ ಅಂಗಡಿಯವರು ಎದ್ದು, ಮಂಡಳಿಯ ಹಿರಿಯರು ದೊಡ್ಡ ಮನಸ್ಸು ಮಾಡಿದರು ಎಂದು ಕೃತಜ್ಞತೆ ಹೇಳಿದರು. ಮರುಕ್ಷಣ ಹಲಗೇರಿಯವರು ಮೈಕು ಹಿಡಿದು, ಅದು ದೊಡ್ಡ ಮನಸ್ಸಲ್ಲ, ಹಮಾಲರಿಗೆ ಹೆದರಿದ ಮನಸ್ಸು ಎಂದರು. ಚಪ್ಪಾಳೆ ಬಿದ್ದಿತು. ಅಂಗಡಿಯವರು ವೇದಿಕೆಯಿಂದ ಇಳಿದು ಹೋದರು. ಅವತ್ತಿನಿಂದ ಗಾಡಿಯಲ್ಲಿ ಬೇರೆ ಡಬ್ಬಿ, ಕೋಣೆಯ ನಡುವೆ ಕಪಾಟು. ಕಾಕಾನ ಮನೆಯೊಳಗೆ ಹೋಗಿ ಏನು ಒಪ್ಪಿಕೊಂಡು ಬಂದನೋ ಎಂದು ಹಲಗೇರಿಯವರು. ಹಮಾಲರ ಸಂಘದ ಮುಖಂಡನನ್ನು ಕಾಲೇಜಿನ ಸಮಿತಿಗೇ ತಂದು ಕೂರಿಸಲು ಹೊರಟಿದ್ದಾನೆ ಎಂದು ಅಂಗಡಿಯವರು. "ಸೋತಿದ್ರ ಇಬ್ರೂ ಕೂಡೇ ಇರ್ತಿದ್ರು, ನೋಡವಾ," ಎಂದು ಸುಶೀಲಾಬಾಯಿ ನಿಟ್ಟುಸಿರು ಬಿಟ್ಟರು.

ನನ್ನ ಪಾಡು ಕೇಳಿ. ನಾನು ಕಲಿಸಬೇಕಾಗಿದ್ದ ಮೊದಲ ಅಧ್ಯಾಯವೇ ಯುದ್ಧದ ಗೆಳೆಯರಾದ ರಷ್ಯ, ಅಮೆರಿಕಗಳು ಎದುರಾಳಿಗಳಾದದ್ದು ಹೇಗೆ ಎಂಬುದು. ನಾನು ಬಹಳ ಹುರುಪಿನಿಂದ ಎಲ್ಬೆ ನದಿಯ ದಂಡೆಯಿಂದ ಆರಂಭಿಸಿದೆ. ಪೂರ್ವದಿಂದ ಒಂದು ಸೈನ್ಯ, ಪಶ್ಚಿಮದಿಂದ ಇನ್ನೊಂದು. ಹಿಟ್ಲರನ ಜರ್ಮನಿಯ ನಡುಮಧ್ಯದಲ್ಲಿ ಇಬ್ಬರೂ ಸಂಧಿಸಿ ಕೈಕುಲುಕಿದರು, ಭಾಷೆ ಬಾರದೆ ಅಂಗಿಯ ಗುಂಡಿ, ಟೊಪ್ಪಿಗೆಯ ಬಿಲ್ಲೆ ಅದಲು ಬದಲು ಮಾಡಿಕೊಂಡರು. ಅದಾಗಿ ಎರಡು ವರ್ಷದಲ್ಲಿ ಅದೇ ಇಬ್ಬರ ನಡುವೆ ಜಗತ್ತೇ ಎರಡು ಹೋಳಾಯಿತು. ಯಾಕೆ ಎಂಬಲ್ಲಿಗೆ ಬಂದಾಗ ನನ್ನ ಹುರುಪು ತಗ್ಗಿತು. ಒಬ್ಬರದು ಬಂಡವಾಳಶಾಹಿ, ಇನ್ನೊಬ್ಬರದು ಸಮತಾವಾದ ಎಂದು ಪಠ್ಯಪುಸ್ತಕ ಹೇಳುತ್ತಿತ್ತು. ಆದರೆ ಗುಂಡಿ ಬದಲಿಸಿಕೊಳ್ಳುವಾಗಲೂ ಅವು ಇದ್ದವಲ್ಲ?

ಗೊತ್ತಿಲ್ಲದಿದ್ದಾಗ ಹಿರಿಯರನ್ನು ಕೇಳಬೇಕು. ಒಂದು ದಿನ ಹಿಂದಿನ ಡಬ್ಬಿ, ಒಂದು ದಿನ ಮುಂದಿನ ಡಬ್ಬಿ ಎಂದು ನೆಹರೂ ಕಾಲದ ನಮ್ಮ ಸರಕಾರದಂತೆ ಎರಡೂ ಕಡೆ ಕೂತು ನಾನು ಪಾಠ ಹೇಳಿಸಿಕೊಂಡೆ. ಹಲಗೇರಿ ಸರ್ ಹೇಳುವಾಗ ರಷ್ಯದವರ ಸಾವು ಕಣ್ಣಿಗೆ ಕಟ್ಟುತ್ತಿತ್ತು. ಎರಡು ಕೋಟಿಗೂ ಮೀರಿ ಜನ ಸತ್ತರು, ಊರಿಗೆ ಊರೇ ಸುಟ್ಟವು. ಪಶ್ಚಿಮದಲ್ಲಿ ಎರಡನೆಯ ರಣರಂಗ ತೆರೆಯಿರಿ ಎಂದು ವರ್ಷಗಟ್ಟಲೆ ಗೋಗರೆದರೂ ಗೆಳೆಯರು ಇವತ್ತು ನಾಳೆ ಎಂದರು. ಆಮೇಲೆ ಅಮೆರಿಕದ ಅಣುಬಾಂಬು. ಅದನ್ನು ಹೇಳುವಾಗ ಅವರ ದನಿ ಸಣ್ಣಗಾಗುತ್ತಿತ್ತು.

"ಅಂಥಾದ್ದೊಂದು ಕೆಲಸಾ ಮಾಡಾಕತ್ತೇನಿ ಅಂತ ಗೆಳ್ಯಾಗ ಮದಲ ಹೇಳಬೇಕಿತ್ತಿಲ್ರಿ? ಎಲ್ಲಾ ತಯಾರಾದ ಮ್ಯಾಲೆ ಟ್ರೂಮನ್, ಹಾದ್ಯಾಗ ಭೆಟ್ಟಿಯಾದಾಗ ಹೇಳಿದಂಗ ಹೇಳಿದಾ."

ಮುಂದಿನ ಡಬ್ಬಿಯಲ್ಲಿ ಅಂಗಡಿ ಸರ್ ಇದೇ ಯುದ್ಧವನ್ನು ಬೇರೆ ಯುದ್ಧವೇನೋ ಎಂಬಂತೆ ಹೇಳುತ್ತಿದ್ದರು. ಅಮೆರಿಕದಿಂದ ಹಡಗುಗಟ್ಟಲೆ ಲಾರಿ, ಬೂಟು, ಡಬ್ಬಿಯ ಊಟ ಹೋಗದಿದ್ದರೆ ರಷ್ಯದ ಸೈನ್ಯ ಎಲ್ಲಿಯವರೆಗೆ ನಡೆಯುತ್ತಿತ್ತು? ಪೋಲೆಂಡಿನಲ್ಲಿ ಚುನಾವಣೆ ಮಾಡಿಸುತ್ತೇವೆಂದು ಯಾಲ್ಟಾ ಸಭೆಯಲ್ಲಿ ಮಾತು ಕೊಟ್ಟ ರಷ್ಯದವರು ಮಾಡಿದ್ದೇನು? ಅವರು ಕೊಡೆಯ ತುದಿಯಿಂದ ಡಬ್ಬಿಯ ನೆಲದ ಮೇಲೆ ಯುರೋಪಿನ ಗಡಿಗಳನ್ನು ಗೀರುತ್ತಿದ್ದರು. ಸಹಾಯಕ್ಕೆಂದು ಇನ್ನೊಬ್ಬರ ಮನೆ ಹೊಕ್ಕವನು ಕೆಲಸ ಮುಗಿದ ಮೇಲೆ ಹೊರಗೆ ಬರಬೇಕೋ ಬೇಡವೋ ಎಂದು ನನ್ನನ್ನೇ ಕೇಳುತ್ತಿದ್ದರು.

ಕೆಲವು ವಾರ ಹೀಗೆ ಕೇಳಿದ ಮೇಲೆ ನನಗೊಂದು ಗುಮಾನಿ ಬಂತು. ಇಬ್ಬರೂ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಇಬ್ಬರ ದನಿಯೂ ಕೆಡುತ್ತಿದ್ದುದು ಸ್ಟಾಲಿನ್, ಟ್ರೂಮನ್ನರಿಗಾಗಿ ಅಲ್ಲ. ಅಷ್ಟು ದೂರದವರಿಗಾಗಿ ಯಾರೂ ಅಷ್ಟು ನೊಂದುಕೊಳ್ಳುವುದಿಲ್ಲ.

ಇಬ್ಬರನ್ನೂ ಒಂದೇ ಕಡೆ ಕೂರಿಸಿ ಮಾತಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ಇಪ್ಪತ್ತೈದರ ಬುದ್ಧಿ ಹೇಳಿತು. ಇದೇ ಅಧ್ಯಾಯದ ಮೇಲೆ ಇಬ್ಬರ ಉಪನ್ಯಾಸ ಇಡುತ್ತೇನೆಂದಾಗ ಪ್ರಾಂಶುಪಾಲರು ಬಹಳ ಹೊತ್ತು ನನ್ನ ಮುಖ ನೋಡಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಎಂಬುದನ್ನು ಮೆಲ್ಲಗೆ ನೆನಪಿಸಿ, ಒಪ್ಪಿದರು. ಕೋಣೆ ತುಂಬಿ ಕಿಟಕಿಗಳಲ್ಲೂ ಜನ ನಿಂತರು. ಅಂಗಡಿ ಸರ್ ಚೆನ್ನಾಗಿ ಮಾತಾಡಿದರು. ಹಲಗೇರಿ ಸರ್ ಇನ್ನೂ ಚೆನ್ನಾಗಿ ಮಾತಾಡಿದರು. ಒಬ್ಬರು ಹೇಳುವಾಗ ಇನ್ನೊಬ್ಬರು ತಲೆಯಾಡಿಸಿದ್ದನ್ನೂ ನಾನು ಕಂಡೆ. ಎದೆಯುಬ್ಬಿ, ಯಾರಾದರೂ ಪ್ರಶ್ನೆ ಕೇಳಬಹುದು ಎಂದೆ. ಅಗಡಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು, ಹಾಗಾದರೆ ಯುದ್ಧ ನಿಜವಾಗಿ ಗೆದ್ದವರು ಯಾರು ಎಂದು ಕೇಳಿದಳು.

ಪಾಪ, ಪರೀಕ್ಷೆಗೆ ಬಂದರೆ ಬರೆಯಲು ಬೇಕಾಗಿತ್ತು ಅವಳಿಗೆ. ಅಂಗಡಿ ಸರ್ ಗೆಲುವೆಂಬುದು ಬರೀ ಬಂದೂಕಿನಿಂದ ಬರುವುದಿಲ್ಲ, ಮಾತುಕತೆಯಿಂದ, ತಾಳ್ಮೆಯಿಂದ ಎಂದು ಏನೋ ಶುರುಮಾಡಿದರು. ಹಲಗೇರಿ ಸರ್ ನಡುವೆಯೇ ಎದ್ದರು.

"ಬಿಸಿಲಾಗ ಕುಂತವರು ಗೆದ್ದರವಾ. ಒಳಗ ಕುಂತು ಚಹಾ ಕುಡದವರಲ್ಲ."

ಹುಡುಗಿ ಅದನ್ನು ಹಾಗೇ ಬರೆದುಕೊಂಡಳು. ಅಂಗಡಿ ಸರ್ ಕೊಡೆ ತೆಗೆದುಕೊಂಡು ಹೊರಟುಹೋದರು. ಆಮೇಲೆ ತಿಂಗಳುಗಟ್ಟಲೆ ನನಗೆ ಎರಡೂ ಕಿಟ್ಲಿಗಳ ಚಹಾ ಬರಲಿಲ್ಲ. ಮನೆಯಿಂದ ನಿಂಬೆಹಣ್ಣಿನ ಶರಬತ್ತು ಒಯ್ಯುತ್ತಿದ್ದೆ. ಕೆಲಸ ಉಳಿದದ್ದು ಪ್ರಾಂಶುಪಾಲರ ಒಳ್ಳೆಯತನ.

ವರ್ಷಗಳು ಹೋದವು. ನನ್ನ ಮದುವೆಯಾಯಿತು, ಕೆಲಸ ಕಾಯಂ ಆಯಿತು. ಬರ್ಲಿನ್ನಿನ ಗೋಡೆ ಬಿತ್ತು. ನಮ್ಮ ಕಪಾಟು ನಿಂತೇ ಇತ್ತು. ಕೊನೆಗೆ ತೊಂಬತ್ತೊಂದರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿನ ಮರುದಿನ, ಮಾಸ್ಕೋದಲ್ಲಿ ಕೆಂಪು ಬಾವುಟ ಇಳಿಸಿದ ಸುದ್ದಿ ರೇಡಿಯೋದಲ್ಲಿ ಬಂತು. ಹಲಗೇರಿ ಸರ್ ಎಂದಿನಂತೆ ಕುಪ್ಪೇಲೂರಿನ ಬಸ್ಸಿಳಿದು ಗಾಡಿ ಹತ್ತಿದರು. ಅಂಗಿಯ ಗುಂಡಿ ಹೆಚ್ಚುಕಡಿಮೆಯಾಗಿತ್ತು. ಡಬ್ಬಿಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಅವರು ಕಿಟಕಿಯಾಚೆ ಹತ್ತಿಯ ಹೊಲಗಳನ್ನು ನೋಡುತ್ತ ಕೂತಿದ್ದರು. ಮನೆಯಲ್ಲಿ ಸಾವಾದವರ ಎದುರು ಕೂತ ಹಾಗೆ ನಾವೆಲ್ಲ ಕಾಲು ಮುದುರಿಕೊಂಡು ಕೂತಿದ್ದೆವು.

ಗಾಡಿ ಬ್ಯಾಡಗಿಯಲ್ಲಿ ನಿಂತಿತು. ಅಂಗಡಿ ಸರ್ ಪ್ಲಾಟ್‌ಫಾರ್ಮಿನ ಮೇಲೆ ಒಂದೊಂದೇ ಕಿಟಕಿ ಇಣುಕುತ್ತ ಹಿಂದಕ್ಕೆ ಬರುತ್ತಿದ್ದುದು ಕಾಣಿಸಿತು. ಗೆದ್ದವರು ಸೋತವರನ್ನು ನೋಡಲು ಬರುತ್ತಿದ್ದಾರೆ ಎಂದುಕೊಂಡೆ. ಅವರು ನಮ್ಮ ಡಬ್ಬಿ ಹತ್ತಿ, ಹಲಗೇರಿ ಸರ್ ಎದುರಿಗೆ ಜಾಗ ಮಾಡಿಸಿಕೊಂಡು ಕೂತರು. ಗಾಡಿ ಹೊರಟ ಮೇಲೆ, ನಾಷ್ಟಾ ಆಗಿದೆಯೇ ಎಂದು ಕೇಳಿದರು. ಹಲಗೇರಿ ಸರ್ ಇಲ್ಲವೆಂದು ತಲೆಯಾಡಿಸಿದರು. ಅಂಗಡಿ ಸರ್ ತಮ್ಮ ಮಧ್ಯಾಹ್ನದ ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಬದನೆಕಾಯಿ ಎಣಗಾಯಿ ಇಟ್ಟು ಅವರ ಕೈಗೆ ಕೊಟ್ಟರು. ಹಲಗೇರಿ ಸರ್ ಸುಮ್ಮನೆ ತೆಗೆದುಕೊಂಡು ತಿನ್ನತೊಡಗಿದರು.

ಅವರು ಅರ್ಧ ರೊಟ್ಟಿ ತಿಂದ ಮೇಲೆ ಅಂಗಡಿ ಸರ್ ಹೇಳಿದರು: "ಇನ್ನ ಮ್ಯಾಲೆ ನಾ ಯಾರ ಕೂಡ ಜಗಳ ಆಡ್ಲೋ?"

ಹಲಗೇರಿ ಸರ್ ರೊಟ್ಟಿ ಮುಗಿಸಿ, ಕೈ ತೊಳೆದು ಬಂದು ಕೂತು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕೇಳಿದರು: "ಅವತ್ತ ನಿಮ್ಮ ಕಾಕಾನ ಮನಿಯೊಳಗ ಏನ ಮಾತಾಡಿದಿ? ಇವತ್ತರ ಹೇಳು."

"ಏನೂ ಇಲ್ಲೋ. ಕಾಕಾ ಚಹಾ ಕೊಟ್ಟ. ಕಿಟಕ್ಯಾಗಿಂದ ನಿಮ್ಮ ಮಂದಿ ಕೂಗೂದು ಕೇಳಸ್ತಿತ್ತು. ಇವರು ಎಂದ ಏಳ್ತಾರ ಅಂತ ಕೇಳಿದ. ಹಲಗೇರಿ ಎಬ್ಬಿಸೂತನಕ ಏಳೂದಿಲ್ಲ, ನನಗ ಅವನ ಗುಣಾ ಗೊತ್ತೈತಿ ಅಂದೆ. ನೀವ ದೊಡ್ಡ ಮನಸ ಮಾಡಿದಿರಿ ಅಂತ ಸಭಾದಾಗ ಹೇಳ್ತೇನಿ, ಮುಗಿಸಿಬಿಡ್ರಿ ಅಂದೆ. ಅಷ್ಟ."

ಗಾಡಿ ಸಣ್ಣ ಸೇತುವೆಯೊಂದನ್ನು ದಾಟುತ್ತಿತ್ತು. ಆ ಸದ್ದು ಮುಗಿಯುವವರೆಗೆ ಹಲಗೇರಿ ಸರ್ ಕಾದರು.

"ಇದನ್ನ ಅವತ್ತ ನನಗ ಹೇಳಬಾರದಿತ್ತೇನು?"

"ನೀ ಎಲ್ಲಿ ಕೇಳಿದಿ? ಸೀದಾ ಮೈಕ್ ಹಿಡಕೊಂಡಿ."

ಹಲಗೇರಿ ಸರ್ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೆಗಲು ಕುಲುಕುವಂತೆ. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ಅದು ಯಾವುದಕ್ಕೆ ಬಂದ ನೀರು ಎಂದು ನಾನು ಹೇಗೆ ಹೇಳಲಿ? ಅವರ ದೇಶ ಹೋದ ದಿನವೇ ಗೆಳೆಯ ಬಂದಿದ್ದ. ನಾವೆಲ್ಲ ಕಿಟಕಿಯ ಹೊರಗೆ ನೋಡಿದೆವು.

ಎರಡು ದೊಡ್ಡ ದೇಶಗಳ ಸ್ನೇಹ ಯಾಕೆ ಕೆಟ್ಟಿತು ಎಂದು ಆಮೇಲೆ ನಾನು ಎಷ್ಟೋ ವರ್ಷ ಪಾಠ ಮಾಡಿದೆ. ಸಿದ್ಧಾಂತ ಹೇಳಿದೆ, ಬಾಂಬು ಹೇಳಿದೆ, ಪೋಲೆಂಡು, ಬರ್ಲಿನ್ನು ಎಲ್ಲ ಹೇಳಿದೆ. ಅದೆಲ್ಲ ಸರಿಯೇ. ಜೊತೆಗೆ, ಗೆದ್ದ ಮೇಲೆ ಇಬ್ಬರಿಗೂ ಒಬ್ಬರನ್ನೊಬ್ಬರು ಕೇಳುವ ಪುರುಸೊತ್ತಿರಲಿಲ್ಲ ಎಂದೂ ಸೇರಿಸುತ್ತಿದ್ದೆ. ಅದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಬರೆದವರಿಗೆ ಅಂಕವೂ ಬರುತ್ತಿರಲಿಲ್ಲ.

ಇಬ್ಬರೂ ಒಂದಾದರು ಎಂದರೆ ಜಗಳ ನಿಂತಿತು ಎಂದು ತಿಳಿಯಬೇಡಿ. ಒಂದೇ ಡಬ್ಬಿಯಲ್ಲಿ ಕೂತು ಮೊದಲಿಗಿಂತ ಜೋರಾಗಿ ಆಡುತ್ತಿದ್ದರು. ಕಪಾಟನ್ನು ಸರಿಸಲು ಹೋದಾಗ ಅದರ ಕಾಲುಗಳು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿದ್ದವು. ಅಲ್ಲೇ ಇರಲಿ ಎಂದು ಬಿಟ್ಟೆವು. ನಿವೃತ್ತಿಯ ನಂತರ ಹಲಗೇರಿ ಸರ್ ಕುಪ್ಪೇಲೂರಿನಲ್ಲೇ ಇದ್ದು, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಮಣ್ಣಿಗೆ ನಾನೂ ಅಂಗಡಿ ಸರ್ ಕೂಡಿಯೇ ಹೋದೆವು. ಕಟ್ಟೆಯ ಮೇಲೆ ಕೂತಿದ್ದಾಗ ಊರಿನ ಯಾರೋ ಹಿರಿಯರು ಅಂಗಡಿ ಸರ್ ಅವರನ್ನು, ತಾವು ಹೋದವರಿಗೆ ಏನಾಗಬೇಕು ಎಂದು ಕೇಳಿದರು.

"ನಾ ಎದುರು ಪಾರ್ಟೀರಿ," ಎಂದರು ಅವರು. ಕೇಳಿದವರು ಅರ್ಥವಾಗದೆ, ಹೊಲದ ತಕರಾರೇನೋ ಇರಬೇಕೆಂದುಕೊಂಡರು.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಅದೇ ವಾರ ಬ್ಯಾಡಗಿಗೆ ಹೋದೆ. ಅಂಗಡಿ ಸರ್‌ಗೆ ಈಗ ಎಂಬತ್ತು ದಾಟಿದೆ. ಮಗ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾನೆ, ಮೊಮ್ಮಕ್ಕಳ ಗದ್ದಲ ಮನೆ ತುಂಬ. ಅವರು ಪಡಸಾಲೆಯಲ್ಲಿ ಟೀವಿಯ ಮುಂದೆ ಕೂತಿದ್ದರು. ಈಗ ಮತ್ತೆ ಸುದ್ದಿಯಲ್ಲಿ ಆ ಎರಡು ದೇಶಗಳ ಹೆಸರು ದಿನಾ ಒಟ್ಟಿಗೆ ಬರುತ್ತವಲ್ಲ, ಯುದ್ಧ, ನಿರ್ಬಂಧ, ಬೆದರಿಕೆ ಎಂದು. ನಾನು ಕೂರುವುದೇ ತಡ, ಶುರುಮಾಡಿದರು. ಆದರೆ ಮಾತು ವಿಚಿತ್ರವಾಗಿತ್ತು. ಎರಡನೆಯ ರಣರಂಗ ತೆರೆಯಲು ಯಾಕೆ ತಡಮಾಡಿದರು, ಎರಡು ಕೋಟಿ ಜನ ಸತ್ತದ್ದು ಯಾರ ಲೆಕ್ಕದಲ್ಲೂ ಯಾಕಿಲ್ಲ, ಬಾಂಬಿನ ಮಾತು ಗೆಳೆಯನಿಗೆ ಮೊದಲೇ ಯಾಕೆ ಹೇಳಲಿಲ್ಲ! ಒಂದೊಂದೂ ಹಲಗೇರಿ ಸರ್ ಮಾತು, ಅದೇ ಅನುಕ್ರಮದಲ್ಲಿ. ಅಂಗಡಿ ಸರ್ ಬಾಯಿಂದ ಬರುತ್ತಿತ್ತು.

ಸರ್, ಇದು ನಿಮ್ಮ ಮಾತಲ್ಲವಲ್ಲ ಎಂದೆ.

"ಅವಂದು ಯಾರರ ಹೇಳಬೇಕಲ್ರಿ ಮ್ಯಾಡಂ," ಎಂದರು.

ಅವರ ಸೊಸೆ ಚಹಾ ತಂದಿಟ್ಟು ಹೋದಳು. ಅವರು ಟೀವಿಯ ದನಿ ತಗ್ಗಿಸಿ, ನನ್ನ ಉತ್ತರಕ್ಕೆ ಕಾಯುತ್ತಿರುವಂತೆ ನನ್ನತ್ತ ತಿರುಗಿದರು. ಜೀವನವಿಡೀ ಎರಡೂ ಕಡೆ ಹೌದೆಂದು ತಲೆಯಾಡಿಸಿಕೊಂಡು ಬಂದವಳು ನಾನು. ಅವತ್ತು ಕಪ್ಪು ಕೆಳಗಿಟ್ಟು, ಅವರದೇ ಹಳೆಯ ಪ್ರಶ್ನೆ ಕೇಳಿದೆ.

"ಅದೆಲ್ಲಾ ಖರೇರಿ ಸರ್. ಆದ್ರ ಪೋಲೆಂಡಿನೊಳಗ ಚುನಾವಣಿ ಮಾಡ್ತೇವಂತ ಮಾತು ಕೊಟ್ಟಿದ್ರಲ್ಲ, ಅದೇನಾತು?"

ಅಂಗಡಿ ಸರ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮುಖದ ಮೇಲಿನ ಎಷ್ಟೋ ವರ್ಷ ಎಲ್ಲಿಗೋ ಹೋದವು. ಪೋಲೆಂಡಿನಿಂದ ಗ್ರೀಸಿಗೆ, ಗ್ರೀಸಿನಿಂದ ಟರ್ಕಿಗೆ ಹೋದೆವು. ನಾನು ಸೋಲುತ್ತಲೇ ಇದ್ದೆ. ಅವರಿಗೆ ಎರಡೂ ಕಡೆಯ ಮಾತು ಗೊತ್ತಲ್ಲ. ಸಂಜೆ ನಾನು ಹೊರಡಲು ಎದ್ದಾಗ ಕೋಲೂರಿ ಬಾಗಿಲವರೆಗೆ ಬಂದರು.

"ಮುಂದಿನ ಐತವಾರ ಬರ್ರಿ," ಎಂದರು. "ಬರ್ಲಿನ್ ಹಂಗ ಉಳದೈತಿ."

ರಾಣೆಬೆನ್ನೂರಿಗೆ ಬರುವವರೆಗೂ ಗಾಡಿಯಲ್ಲಿ ಬರ್ಲಿನ್ನಿನ ವಿಷಯದಲ್ಲಿ ಅಮೆರಿಕದ ಪರವಾಗಿ ಏನೇನು ಹೇಳಬಹುದೆಂದು ಮನಸ್ಸಿನಲ್ಲೇ ಜೋಡಿಸುತ್ತ ಬಂದೆ. ಗೆಲ್ಲಬೇಕೆಂದು ಆಸೆಯೇನೋ ಆಯಿತು. ಆದರೆ ಇಷ್ಟು ಬೇಗ ಬೇಡ.